ಒಬ್ಬ ರೋಗಿ, ಒಂದು ಬ್ಯಾಚ್

ಮಾತ್ರೆ ಪಟ್ಟಿಯ ಬೆನ್ನಿಗೆ ಸಣ್ಣ ಅಕ್ಷರದಲ್ಲಿ ಬ್ಯಾಚ್ ನಂಬರ್ ಅಚ್ಚಾಗಿರುತ್ತದೆ. ಆ ಒಂದು ನಂಬರಿನ ಹಿಂದೆ ಲಕ್ಷಗಟ್ಟಲೆ ಮಾತ್ರೆಗಳು. ಕಲಬುರಗಿಯಲ್ಲಿ ಕೊಂಡದ್ದೂ ಕಾರವಾರದಲ್ಲಿ ಕೊಂಡದ್ದೂ ಒಂದೇ ಬ್ಯಾಚಿನದಾಗಿರಬಹುದು. ಕಾರ್-ಟಿ ಎಂಬ ಕ್ಯಾನ್ಸರ್ ಔಷಧಕ್ಕೂ ಬ್ಯಾಚ್ ಇದೆ. ಆದರೆ ಅದರ ಒಂದು ಬ್ಯಾಚ್ ಎಂದರೆ ಒಬ್ಬ ರೋಗಿ. ಆ ರೋಗಿಯ ಮೈಯಿಂದ ತೆಗೆದ ಬಿಳಿ ರಕ್ತಕಣಗಳನ್ನೇ ಪ್ರಯೋಗಾಲಯದಲ್ಲಿ ತಿದ್ದಿ, ಬೆಳೆಸಿ, ಸಣ್ಣದೊಂದು ಚೀಲದಲ್ಲಿ ಅದೇ ಮೈಗೆ ಮರಳಿಸುತ್ತಾರೆ. ಅದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ, ಮುಂಗಡವಾಗಿ ತಯಾರಿಸಿ ದಾಸ್ತಾನು ಇಡುವಂತಿಲ್ಲ. ಈ ಚಿಕಿತ್ಸೆಯ ಶಕ್ತಿ, ಅಪಾಯ, ಬೆಲೆ ಮೂರೂ ಈ ಒಂದು ಸಂಗತಿಗೆ ಗಂಟು ಬಿದ್ದಿವೆ ಎಂಬುದು ನನ್ನ ತಿಳಿವಳಿಕೆ.

ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಕ್ಯಾನ್ಸರ್ ಎಂಬ ಹೆಸರನ್ನು ಗಟ್ಟಿಯಾಗಿ ಹೇಳುವುದಿಲ್ಲ. 'ಆ ಕಾಯಿಲೆ' ಎಂದು ತಗ್ಗಿದ ದನಿಯಲ್ಲಿ ಹೇಳಿ ಮಾತು ಬದಲಿಸುತ್ತಾರೆ. ಹೊರಗಿನಿಂದ ಬಂದ ಏನೋ ಮೈಯೊಳಗೆ ಸೇರಿಕೊಂಡಿದೆ ಎಂಬ ಭಾವ ಅದರಲ್ಲಿದೆ. ನಿಜದಲ್ಲಿ ಕ್ಯಾನ್ಸರ್ ಹೊರಗಿನದಲ್ಲ. ನಮ್ಮದೇ ಜೀವಕೋಶವೊಂದು ದಾರಿ ತಪ್ಪಿ, ನಿಲ್ಲದೆ ಒಡೆದು ಬೆಳೆಯತೊಡಗುವುದೇ ಕ್ಯಾನ್ಸರ್. ನಮ್ಮನ್ನು ಕಾಯುವ ಬಿಳಿ ರಕ್ತಕಣಗಳಾದ ಟಿ ಕೋಶಗಳಿಗೆ ಎದುರಾಗುವ ಕಷ್ಟವೂ ಇದೇ. ಅವು ಪ್ರತಿ ಕೋಶದ ಮೈ ತಡವಿ ಒಳಗೆ ಏನು ನಡೆದಿದೆ ಎಂದು ತಿಳಿಯುತ್ತವೆ. ಕೋಶಗಳು ತಮ್ಮೊಳಗಿನ ಪ್ರೋಟೀನುಗಳ ಚೂರುಗಳನ್ನು ಒಂದು ತಟ್ಟೆಯಲ್ಲಿಟ್ಟಂತೆ ಹೊರಗೆ ತೋರಿಸುತ್ತವೆ. ವೈರಸ್ ಹೊಕ್ಕಿದ್ದರೆ ಅದರ ಚೂರು ಅಲ್ಲಿ ಕಾಣುತ್ತದೆ, ಟಿ ಕೋಶ ಆ ಕೋಶವನ್ನು ಕೊಲ್ಲುತ್ತದೆ. ಅನೇಕ ಕ್ಯಾನ್ಸರ್ ಕೋಶಗಳು ಆ ತಟ್ಟೆಯನ್ನೇ ಒಳಗೆಳೆದುಕೊಳ್ಳುತ್ತವೆ. ಕೊಲ್ಲುವ ಬಲ ಟಿ ಕೋಶಕ್ಕೆ ಇದ್ದೇ ಇದೆ, ಗುರುತು ಮಾತ್ರ ಸಿಗುವುದಿಲ್ಲ.

ದೇಹದ ಈ ಬಲವನ್ನು ಕ್ಯಾನ್ಸರಿನ ಮೇಲೆ ತಿರುಗಿಸಬಹುದೆಂಬ ಆಸೆ ಹಳೆಯದು. ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ 1891ರಲ್ಲೇ ಗಡ್ಡೆಯಿದ್ದ ರೋಗಿಗಳಿಗೆ ಬ್ಯಾಕ್ಟೀರಿಯಾ ಚುಚ್ಚಿ ನೋಡಿದ್ದರು. ಕೆಲವರಿಗೆ ಗಡ್ಡೆ ಕರಗಿತು, ಹಲವರಿಗೆ ಇಲ್ಲ, ಕಾರಣ ಯಾರಿಗೂ ತಿಳಿಯಲಿಲ್ಲ. ಎದೆಯ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿ ಕೆಲಸಕ್ಕೆ ಬಾರದ ಅಂಗವಲ್ಲ, ಟಿ ಕೋಶಗಳು ಪಳಗುವ ಜಾಗ ಎಂದು ಜಾಕ್ ಮಿಲ್ಲರ್ ತೋರಿಸಿದ್ದು 1961ರಲ್ಲಿ. ಟಿ ಕೋಶದ 'ಟಿ' ಬಂದದ್ದು ಆ ಗ್ರಂಥಿಯ ಹೆಸರಿನಿಂದ. 1980ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸ್ಟೀವನ್ ರೋಸೆನ್‌ಬರ್ಗ್ ಗಡ್ಡೆಯೊಳಗೇ ನುಗ್ಗಿ ಕೂತಿದ್ದ ಟಿ ಕೋಶಗಳನ್ನು ಹೊರತೆಗೆದು, ಬೆಳೆಸಿ, ರೋಗಿಗೆ ಮರಳಿಸಿದರು. ಚರ್ಮದ ಮೆಲನೋಮಾ ಕ್ಯಾನ್ಸರಿನಲ್ಲಿ ಅದು ಕೆಲವರಿಗೆ ಫಲ ಕೊಟ್ಟಿತು. ಆದರೆ ಗುರುತು ಹಿಡಿಯಬಲ್ಲ ಕೋಶಗಳು ಗಡ್ಡೆಯಲ್ಲಿ ಮೊದಲೇ ಇದ್ದರಷ್ಟೇ ಆ ದಾರಿ.

ತಿರುವು ಸಿಕ್ಕಿದ್ದು ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ. 1989ರಲ್ಲಿ ಜೆಲಿಗ್ ಎಶ್ಹಾರ್ ಮತ್ತು ಸಂಗಡಿಗರು ಒಂದು ದಿಟ್ಟ ಜೋಡಣೆಯನ್ನು ಪ್ರಕಟಿಸಿದರು. ನಮ್ಮ ರಕ್ತದಲ್ಲಿ ಪ್ರತಿಕಾಯಗಳು ಎಂಬ ಪ್ರೋಟೀನುಗಳಿವೆ. ಅವಕ್ಕೆ ತಟ್ಟೆಯ ಹಂಗಿಲ್ಲ. ಕೋಶದ ಮೇಲ್ಮೈಯಲ್ಲಿ ಏನಿದೆಯೋ ಅದನ್ನು ನೇರವಾಗಿ ಹಿಡಿಯುತ್ತವೆ, ಆದರೆ ಕೊಲ್ಲುವುದರಲ್ಲಿ ಟಿ ಕೋಶದಷ್ಟು ಗಟ್ಟಿಯಲ್ಲ. ಪ್ರತಿಕಾಯದ ಹಿಡಿಯುವ ತುದಿಯನ್ನು ತಂದು ಟಿ ಕೋಶದ ಒಳಗಿನ ಪ್ರಚೋದಕ ತಂತಿಗೆ ಬೆಸೆದರೆ? ಆ ಬೆಸುಗೆಯ ಹೆಸರೇ ಕೈಮೆರಿಕ್ ಆ್ಯಂಟಿಜನ್ ರಿಸೆಪ್ಟರ್, ಅದರ ಮೊದಲಕ್ಷರಗಳಿಂದ 'ಕಾರ್'. ಕೈಮೆರಾ ಗ್ರೀಕರ ಪುರಾಣದ ಮಿಶ್ರಪ್ರಾಣಿ. ಹಳೇಬೀಡಿನ ಗೋಡೆಯ ಮಕರಪಟ್ಟಿಕೆಯನ್ನು ನೋಡಿದವರಿಗೆ ಅದರ ಕಲ್ಪನೆ ಕಷ್ಟವಲ್ಲ: ಮೊಸಳೆಯ ದವಡೆ, ಆನೆಯ ಸೊಂಡಿಲು, ನವಿಲಿನ ಬಾಲ, ಎಲ್ಲ ಸೇರಿ ಒಂದೇ ಜೀವ. ಶಿಲ್ಪಿ ಕಲ್ಲಿನಲ್ಲಿ ಮಾಡಿದ್ದನ್ನು ಇಲ್ಲಿ ವಂಶವಾಹಿಯಲ್ಲಿ ಮಾಡಿದರು.

ಮೊದಲ ಕಾರ್-ಟಿ ಕೋಶಗಳು ದೇಹದೊಳಗೆ ಬೇಗ ಸೋತು ಸತ್ತವು. ಟಿ ಕೋಶಕ್ಕೆ 'ಕೊಲ್ಲು' ಎಂಬ ಒಂದು ಸಂಕೇತ ಸಾಲದು. 'ಬಾಳು, ಹೆಚ್ಚು' ಎಂಬ ಎರಡನೆಯದೂ ಬೇಕು. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕೇಂದ್ರದ ಮಿಷೆಲ್ ಸಾಡೆಲೆಯ್ನ್ ಮತ್ತು ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆಯ ಡಾರಿಯೊ ಕಂಪಾನಾ ಬೇರೆಬೇರೆ ಬಗೆಯ ಎರಡನೆಯ ಸಂಕೇತಗಳನ್ನು ಬೆಸೆದರು. ಗುರಿಯಾಗಿ ಆಯ್ದದ್ದು ಸಿಡಿ19 ಎಂಬ ಪ್ರೋಟೀನನ್ನು. ಹಲವು ರಕ್ತದ ಕ್ಯಾನ್ಸರುಗಳು ಹುಟ್ಟುವ ಬಿ ಕೋಶಗಳ ಮೇಲೆಲ್ಲ ಅದು ಇರುತ್ತದೆ, ಹೃದಯ ಯಕೃತ್ತು ಮೂತ್ರಪಿಂಡಗಳ ಮೇಲೆ ಇರುವುದಿಲ್ಲ. ಕ್ಯಾನ್ಸರಿನ ಜತೆ ಆರೋಗ್ಯವಂತ ಬಿ ಕೋಶಗಳೂ ಸಾಯುತ್ತವೆ, ಆದರೆ ಅವಿಲ್ಲದೆ ಮನುಷ್ಯ ಬದುಕಬಲ್ಲ; ಬೇಕಾದ ಪ್ರತಿಕಾಯಗಳನ್ನು ಡ್ರಿಪ್ ಮೂಲಕ ಕೊಡಬಹುದು. ಈ ಚಿಕಿತ್ಸೆಯ ಇಷ್ಟು ವರ್ಷಗಳ ಯಶಸ್ಸಿನಲ್ಲಿ ಅರ್ಧ ಪಾಲು ಈ ಒಂದು ಆಯ್ಕೆಗೆ ಸಲ್ಲಬೇಕು. ಇಷ್ಟು ಅನುಕೂಲದ ಗುರಿ ಇನ್ನೊಂದು ಸಿಕ್ಕುವುದು ಕಷ್ಟವಾಗಿದೆ.

ತಯಾರಿಕೆ ಹೀಗೆ. ರೋಗಿಯನ್ನು ಅಫೆರೆಸಿಸ್ ಯಂತ್ರಕ್ಕೆ ಜೋಡಿಸುತ್ತಾರೆ. ಪ್ಲೇಟ್‌ಲೆಟ್ ದಾನ ಮಾಡಿದವರು ಈ ಯಂತ್ರವನ್ನು ನೋಡಿರುತ್ತಾರೆ. ಕೆಲವು ಗಂಟೆ ರಕ್ತ ಒಂದು ಕಡೆಯಿಂದ ಹೋಗಿ, ಬೇಕಾದ ಬಿಳಿ ಕಣಗಳನ್ನು ಬಿಟ್ಟು, ಇನ್ನೊಂದು ಕಡೆಯಿಂದ ಮೈಗೆ ಮರಳುತ್ತದೆ. ಆ ಕಣಗಳಲ್ಲಿ ಟಿ ಕೋಶಗಳನ್ನು ಆರಿಸಿ, ಎಚ್ಚರಿಸಿ, ಕಾರ್‌ನ ವಂಶವಾಹಿಯನ್ನು ಒಳಗೆ ಕಳಿಸುತ್ತಾರೆ. ಹೊತ್ತೊಯ್ಯುವುದು ಒಂದು ವೈರಸ್, ಸಾಮಾನ್ಯವಾಗಿ ಎಚ್‌ಐವಿಯಿಂದಲೇ ರೂಪಿಸಿ, ರೋಗ ತರುವ ಭಾಗಗಳನ್ನೆಲ್ಲ ಕಿತ್ತು ಹಾಕಿದ್ದು. ಟಿ ಕೋಶದೊಳಗೆ ನುಸುಳಿ ತನ್ನ ಬರಹವನ್ನು ಸೇರಿಸಿಬಿಡುವ ಆ ವೈರಸ್ಸಿನ ಚಾತುರ್ಯ ಇಲ್ಲಿ ನಮ್ಮ ಕೆಲಸಕ್ಕೆ ಬಂತು. ಕೋಶಗಳು ಕೋಟಿಗಟ್ಟಲೆ ಆಗುವವರೆಗೆ ಬೆಳೆಸಿ, ಸೋಂಕಿಲ್ಲವೆಂದು ಪರೀಕ್ಷಿಸಿ, ಹೆಚ್ಚಿನ ಕಡೆ ಹೆಪ್ಪುಗಟ್ಟಿಸಿ ಕಳಿಸುತ್ತಾರೆ. ಇದಕ್ಕೆಲ್ಲ ಎರಡರಿಂದ ನಾಲ್ಕು ವಾರ ಹಿಡಿಯುವುದುಂಟು. ಒಳಗೆ ಬಿಡುವ ಮೊದಲು ಸೌಮ್ಯವಾದ ಕೀಮೋ ಕೊಟ್ಟು ಹಳೆಯ ಕಣಗಳನ್ನು ತಗ್ಗಿಸಿ ಹೊಸಬರಿಗೆ ಜಾಗ ಮಾಡುತ್ತಾರೆ. ಚೀಲ ಖಾಲಿಯಾಗಲು ಬೇಕಾದದ್ದು ಕೆಲವೇ ನಿಮಿಷ.

ಒಳಹೋದದ್ದು ಕರಗಿ ಹೋಗುವ ರಾಸಾಯನಿಕವಲ್ಲ. ಅದು ಜೀವಂತ, ಬೆಳೆಯುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಾರ್ಲ್ ಜೂನ್ ತಂಡ 2010ರಲ್ಲಿ ಚಿಕಿತ್ಸೆಗೆ ಬಗ್ಗದ ಲ್ಯುಕೀಮಿಯಾ (ರಕ್ತದ ಕ್ಯಾನ್ಸರ್) ಇದ್ದ ಮೂವರಿಗೆ ಇದನ್ನು ಕೊಟ್ಟಾಗ ಇಬ್ಬರಲ್ಲಿ ರೋಗ ಪೂರ್ಣ ಮರೆಯಾಯಿತು. ಒಂದೊಂದು ಕಾರ್-ಟಿ ಕೋಶವೂ, ಅದರ ಸಂತತಿಯೂ ಸೇರಿ, ಕನಿಷ್ಠ 1000 ಕ್ಯಾನ್ಸರ್ ಕೋಶಗಳನ್ನು ಕೊಂದಿರಬೇಕೆಂದು ತಂಡ ಲೆಕ್ಕ ಹಾಕಿತು. 2022ರಲ್ಲಿ ಪ್ರಕಟವಾದ ವರದಿಯಂತೆ ಆ ಇಬ್ಬರ ರಕ್ತದಲ್ಲಿ ಹತ್ತು ವರ್ಷಗಳ ಮೇಲೂ ಆ ಕೋಶಗಳು ಇದ್ದವು. ಬೇರೆ ಯಾವ ಕ್ಯಾನ್ಸರ್ ಔಷಧದ ಬಗ್ಗೆಯೂ ಇಂಥ ಮಾತು ಹೇಳಲಾಗದು.

ಅದೇ ಗುಣ ಕೊಲ್ಲಲೂಬಲ್ಲದು ಎಂಬುದು 2012ರ ಏಪ್ರಿಲಿನಲ್ಲಿ ಕಣ್ಣಿಗೆ ಕಟ್ಟಿತು. ಎಮಿಲಿ ವೈಟ್‌ಹೆಡ್ ಎಂಬ 6 ವರ್ಷದ ಹುಡುಗಿಗೆ ಎರಡು ಸಲ ಲ್ಯುಕೀಮಿಯಾ ಮರುಕಳಿಸಿತ್ತು. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಕಾರ್-ಟಿ ಪಡೆದ ಮೊದಲ ಮಗು ಅವಳು. ಕೆಲವೇ ದಿನಗಳಲ್ಲಿ ಉರಿಜ್ವರ, ಕುಸಿದ ರಕ್ತದೊತ್ತಡ, ವೆಂಟಿಲೇಟರ್. ಯುದ್ಧಕ್ಕಿಳಿದ ಟಿ ಕೋಶಗಳು ಸೈಟೊಕೈನ್ ಎಂಬ ಸಂಕೇತರಾಸಾಯನಿಕಗಳನ್ನು ಸುರಿಯುತ್ತವೆ. ಅವುಗಳ ಪ್ರವಾಹದಲ್ಲಿ ಮಗು ಮುಳುಗುತ್ತಿತ್ತು. ರಕ್ತಪರೀಕ್ಷೆಯಲ್ಲಿ ಇಂಟರ್‌ಲ್ಯುಕಿನ್-6 ವಿಪರೀತ ಏರಿದ್ದು ಕಂಡಿತು. ಅದನ್ನು ತಡೆಯುವ ಔಷಧವೊಂದು ಸಂಧಿವಾತಕ್ಕೆಂದು ಆಗಲೇ ಬಳಕೆಯಲ್ಲಿದೆ ಎಂಬುದು ಕಾರ್ಲ್ ಜೂನ್ ಅವರಿಗೆ ತಿಳಿದಿತ್ತು, ಅವರ ಮಗಳಿಗೇ ಮಕ್ಕಳ ಸಂಧಿವಾತ ಇದ್ದುದರಿಂದ. ಟೊಸಿಲಿಜುಮಾಬ್ ಎಂಬ ಆ ಔಷಧ ಕೊಟ್ಟ ಕೆಲವೇ ಗಂಟೆಗಳಲ್ಲಿ ಜ್ವರ ಇಳಿಯಿತು. ತನ್ನ ಏಳನೆಯ ಹುಟ್ಟುಹಬ್ಬಕ್ಕೆ ಎಮಿಲಿ ಕಣ್ಣು ತೆರೆದಳು. ಅವಳು ಇಂದು ತರುಣಿ. ಟೊಸಿಲಿಜುಮಾಬ್ ಎಂಬ ಹೆಸರು ನಮಗೂ ಗೊತ್ತು; 2021ರ ಕೋವಿಡ್ ಎರಡನೇ ಅಲೆಯಲ್ಲಿ ಅದರ ಚೀಟಿ ಹಿಡಿದು ಎಷ್ಟೋ ಜನ ಊರೆಲ್ಲ ಅಲೆದಿದ್ದಾರೆ. ಅಂದು ಎಮಿಲಿ ಉಳಿಯದಿದ್ದರೆ ಆ ಪ್ರಯೋಗ ಬಹುಶಃ ಅಲ್ಲಿಗೇ ನಿಲ್ಲುತ್ತಿತ್ತು.

2017ರ ಆಗಸ್ಟ್ 30ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನೊವಾರ್ಟಿಸ್ ಕಂಪನಿಯ ಕಿಮ್ರಾಯಾ ಎಂಬ ಕಾರ್-ಟಿ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ದಿನ ಸೈಟೊಕೈನ್ ಪ್ರವಾಹಕ್ಕೆ ಟೊಸಿಲಿಜುಮಾಬ್ ಬಳಕೆಗೂ ಒಪ್ಪಿಗೆ ಸಿಕ್ಕಿತು. ಒಪ್ಪಿಗೆಗೆ ಆಧಾರವಾದ ಅಧ್ಯಯನದಲ್ಲಿ ಮಕ್ಕಳು ಮತ್ತು ತರುಣರು ಸೇರಿ 75 ಜನ. ಮೂರು ತಿಂಗಳೊಳಗೆ ನೂರಕ್ಕೆ 81 ಮಂದಿಯಲ್ಲಿ ರೋಗ ಮರೆಯಾಗಿತ್ತು. ಬೇರೆ ದಾರಿಯೇ ಉಳಿಯದಿದ್ದವರಲ್ಲಿ ಇದು ಅಪೂರ್ವ. ಆದರೆ ಪತ್ರಿಕೆಗಳು ಇಲ್ಲಿಗೇ ನಿಲ್ಲಿಸುವ ಲೆಕ್ಕವನ್ನು ಮುಂದಕ್ಕೂ ಓದಬೇಕು. ಒಂದು ವರ್ಷದ ಹೊತ್ತಿಗೆ ರೋಗ ಮರುಕಳಿಸದೆ ಬದುಕಿದ್ದವರು ಸುಮಾರು ಅರ್ಧ. ಕೆಲವರಲ್ಲಿ ಕಾರ್-ಟಿ ಕೋಶಗಳು ಬೇಗ ನಶಿಸುತ್ತವೆ. ಇನ್ನು ಕೆಲವರಲ್ಲಿ ಕ್ಯಾನ್ಸರ್ ಕೋಶಗಳು ಸಿಡಿ19 ಅನ್ನೇ ಕಳಚಿ ಹಾಕಿ ಹೊಸ ವೇಷದಲ್ಲಿ ಮರಳುತ್ತವೆ. ದೊಡ್ಡ ಬಿ ಕೋಶಗಳ ಲಿಂಫೋಮಾ ಎಂಬ ಇನ್ನೊಂದು ರಕ್ತದ ಕ್ಯಾನ್ಸರಿನಲ್ಲಿ ಯೆಸ್‌ಕಾರ್ಟಾ ಎಂಬ ಕಾರ್-ಟಿ ಔಷಧ ಪಡೆದವರ ಪೈಕಿ ಐದು ವರ್ಷದ ನಂತರ ಬದುಕಿದ್ದವರು ನೂರಕ್ಕೆ ಸುಮಾರು 43. ಮೈಲೋಮಾ ಎಂಬ ಅಸ್ಥಿಮಜ್ಜೆಯ ಕ್ಯಾನ್ಸರಿಗೆ ಬಿಸಿಎಂಎ ಎಂಬ ಇನ್ನೊಂದು ಗುರಿ ಸಿಕ್ಕಿತು. ಹಲವು ಚಿಕಿತ್ಸೆಗಳಿಗೆ ಬಗ್ಗದಿದ್ದ 97 ರೋಗಿಗಳಲ್ಲಿ 32 ಮಂದಿ ಒಂದೇ ಸಲದ ಚೀಲದ ನಂತರ ಐದು ವರ್ಷ ರೋಗ ಮುಂದುವರಿಯದೆ ಇದ್ದರು ಎಂದು 2025ರಲ್ಲಿ ವರದಿಯಾಯಿತು. ಮೈಲೋಮಾ ವಾಸಿಯಾಗದ ಕಾಯಿಲೆ ಎಂದೇ ಓದಿ ಬಂದ ವೈದ್ಯರಿಗೆ ಅದು ಎಷ್ಟು ದೊಡ್ಡ ಸುದ್ದಿಯೋ! ಹಾಗಾಗಿ ಕಾರ್-ಟಿಯನ್ನು 'ಪವಾಡ' ಎನ್ನುವವರ ಮಾತನ್ನೂ 'ದುಬಾರಿ ಭರವಸೆ' ಎನ್ನುವವರ ಮಾತನ್ನೂ ನಾನು ಒಪ್ಪಲಾರೆ. ಕೆಲವರನ್ನು ಅದು ನಿಜವಾಗಿ ವಾಸಿಮಾಡುತ್ತದೆ, ಹಲವರಿಗೆ ಸಮಯ ಕೊಡುತ್ತದೆ, ಕೆಲವರ ಕೈಬಿಡುತ್ತದೆ.

ಅಪಾಯಗಳಲ್ಲಿ ಇನ್ನೊಂದು ಮಿದುಳಿಗೆ ಸಂಬಂಧಿಸಿದ್ದು. ಚೀಲ ಏರಿಸಿದ ಕೆಲವು ದಿನಗಳಲ್ಲಿ ಕೆಲವರಿಗೆ ಮಾತು ತಡವರಿಸುತ್ತದೆ, ಗೊಂದಲ, ಕೆಲವೊಮ್ಮೆ ಫಿಟ್ಸ್. ಹೆಚ್ಚಿನದು ದಿನಗಳಲ್ಲಿ ಇಳಿಯುತ್ತದೆ, ಆದರೆ ಬೇಗ ಪತ್ತೆಯಾಗಬೇಕು. ಅದಕ್ಕೆ ಇರುವ ಪರೀಕ್ಷೆ ಬಹಳ ಸರಳ. ದಾದಿ ದಿನವೂ ರೋಗಿಯ ಬಳಿ ಬಂದು ಇದು ಯಾವ ತಿಂಗಳು, ಯಾವ ಊರು ಎಂದು ಕೇಳುತ್ತಾಳೆ. ಪೆನ್ನು, ಗಡಿಯಾರ ತೋರಿಸಿ ಹೆಸರು ಹೇಳಿಸುತ್ತಾಳೆ. ನೂರರಿಂದ ಹತ್ತುಹತ್ತು ಕಳೆಯುತ್ತ ಎಣಿಸಲು ಹೇಳುತ್ತಾಳೆ. ಕೊನೆಗೆ ಒಂದು ವಾಕ್ಯ ಬರೆಸುತ್ತಾಳೆ. ನಿನ್ನೆ ನೆಟ್ಟಗಿದ್ದ ಅಕ್ಷರ ಇಂದು ಸೊಟ್ಟಗಾದರೆ ಅದೇ ಮೊದಲ ಎಚ್ಚರಿಕೆ. ದೂರದ ಅಪಾಯವೂ ಒಂದಿದೆ: ವೈರಸ್ ತನ್ನ ಬರಹವನ್ನು ತಪ್ಪು ಜಾಗದಲ್ಲಿ ಸೇರಿಸಿ ಟಿ ಕೋಶವೇ ಕ್ಯಾನ್ಸರ್ ಆಗುವ ಸಾಧ್ಯತೆ. ಎಫ್‌ಡಿಎ ಇದನ್ನು ಪರಿಶೀಲಿಸಿ 2024ರಲ್ಲಿ ಔಷಧಗಳ ಮೇಲೆ ಎಚ್ಚರಿಕೆ ಹಾಕಿಸಿತು. ಆಗಿನ ಲೆಕ್ಕದಲ್ಲಿ 27,000ಕ್ಕೂ ಹೆಚ್ಚು ಚಿಕಿತ್ಸೆಗಳಲ್ಲಿ 22 ಪ್ರಕರಣ. ಮರುಕಳಿಸಿದ ಲ್ಯುಕೀಮಿಯಾದ ಎದುರು ಇದು ಸಣ್ಣ ಅಪಾಯ.

ಗಟ್ಟಿ ಗಡ್ಡೆಗಳ ಮುಂದೆ ಕಥೆ ಬೇರೆ. ರಕ್ತದಲ್ಲಿ ಓಡಾಡುವ ಕ್ಯಾನ್ಸರ್ ಕೋಶವನ್ನು ರಕ್ತದಲ್ಲೇ ಓಡಾಡುವ ಟಿ ಕೋಶ ಹಿಡಿಯುವುದು ಸುಲಭ. ಗಡ್ಡೆಯಾದರೆ ಅದರೊಳಗೆ ನುಗ್ಗಬೇಕು, ಆಮ್ಲಜನಕ ಕಡಿಮೆಯಿರುವಲ್ಲಿ ಉಳಿಯಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಗಡ್ಡೆಯ ಮೇಲೆ ಮಾತ್ರ ಇರುವ ಗುರುತು ಬೇಕು. ಅದು ತಪ್ಪಿದರೆ ಏನಾಗುತ್ತದೆಂದು 2010ರಲ್ಲೇ ಗೊತ್ತಾಗಿತ್ತು. ಎಚ್‌ಇಆರ್2 ಎಂಬ ಪ್ರೋಟೀನಿನ ಮೇಲೆ ಗುರಿಯಿಟ್ಟ ಪ್ರಯೋಗದಲ್ಲಿ ಕೋಶಗಳು ಶ್ವಾಸಕೋಶದ ಆರೋಗ್ಯವಂತ ಕೋಶಗಳಲ್ಲೂ ಅದೇ ಪ್ರೋಟೀನು ಅಲ್ಪಸ್ವಲ್ಪ ಇರುವುದನ್ನು ಕಂಡು ಎರಗಿದವು. ರೋಗಿ ಐದು ದಿನದಲ್ಲಿ ತೀರಿಕೊಂಡರು. ಈಚೆಗೆ ಸಣ್ಣ ಬೆಳಕುಗಳಿವೆ. ಚೀನಾದ ತಂಡವೊಂದು ಕ್ಲಾಡಿನ್ 18.2 ಎಂಬ ಗುರುತು ಹಿಡಿದು ಜಠರದ ಕ್ಯಾನ್ಸರಿನ ಮೇಲೆ ನಡೆಸಿದ ಹೋಲಿಕೆ ಅಧ್ಯಯನ 2025ರಲ್ಲಿ ಪ್ರಕಟವಾಯಿತು: ರೋಗ ಉಲ್ಬಣಿಸದ ಅವಧಿ 1.77 ತಿಂಗಳಿಂದ 3.25 ತಿಂಗಳಿಗೆ ಏರಿತು. ದಿಕ್ಕು ಸರಿಯಿದೆ, ದೂರ ಬಹಳ ಇದೆ.

ನಮ್ಮವರಿಗೆ ಇದನ್ನು ಮುಚ್ಚಿಡದೆ ಹೇಳಬೇಕು. ಕರ್ನಾಟಕದ ಕ್ಯಾನ್ಸರ್ ಆಸ್ಪತ್ರೆಗಳ ಮುಂದಿನ ಸಾಲಿನಲ್ಲಿ ಹೆಚ್ಚು ಕಾಣುವವರು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿನವರು. ಅವರಿಗೆ ಇಂದು ಕಾರ್-ಟಿ ಇಲ್ಲ. ಗುಟ್ಕಾ ಬಿಡಿಸುವುದು, ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿಸುವುದು ಉಳಿಸುವ ಜೀವಗಳು ಯಾವ ಹೊಸ ಕೋಶಚಿಕಿತ್ಸೆಗಿಂತಲೂ ಹೆಚ್ಚು. ಹಾಗೆಂದು ಲ್ಯುಕೀಮಿಯಾ ಮರುಕಳಿಸಿದ ಮಗುವಿನ ತಾಯಿಗೆ ಈ ಮಾತು ಉತ್ತರವಲ್ಲ.

ಅವಳಿಗೆ ಉತ್ತರ ಸಿಗತೊಡಗಿದ್ದು ದೇಶದೊಳಗೆ ತಯಾರಿಕೆ ಶುರುವಾದ ಮೇಲೆ. ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ತಂಡ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಸೇರಿ ರೂಪಿಸಿದ ಕಾರ್-ಟಿಯನ್ನು 2021ರ ಜೂನ್‌ನಲ್ಲಿ ಮೊದಲ ರೋಗಿಗೆ ಕೊಟ್ಟರು. ಇಮ್ಯುನೋಆ್ಯಕ್ಟ್ ಕಂಪನಿಯ ನೆಕ್ಸ್‌ಕಾರ್19 ಎಂಬ ಹೆಸರಿನಲ್ಲಿ 2023ರ ಅಕ್ಟೋಬರಿನಲ್ಲಿ ಅದಕ್ಕೆ ಮಾರಾಟದ ಪರವಾನಗಿ ಸಿಕ್ಕಿತು; 64 ರೋಗಿಗಳ ಅಧ್ಯಯನದಲ್ಲಿ ನೂರಕ್ಕೆ 73ರಷ್ಟು ಸ್ಪಂದನೆ ಕಂಡಿತು. ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಶಾ, ಸಿದ್ಧಾರ್ಥ ಮುಖರ್ಜಿ ಮತ್ತು ಕುಶ್ ಪರ್ಮಾರ್ ಕಟ್ಟಿದ ಇಮ್ಯುನೀಲ್ ಕಂಪನಿ ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯ ಆವರಣದಲ್ಲೇ ತಯಾರಿಕಾ ಘಟಕ ಇಟ್ಟುಕೊಂಡಿತು. ಬಾರ್ಸಿಲೋನಾದ ಹಾಸ್ಪಿಟಲ್ ಕ್ಲಿನಿಕ್ ಸ್ವಂತವಾಗಿ ರೂಪಿಸಿದ್ದ ಕಾರ್-ಟಿಯನ್ನು ತಂದು, ಪ್ರಯೋಗ ಮುಗಿಸಿ, 2025ರ ಆರಂಭದಲ್ಲಿ ಕಾರ್ಟೆಮಿ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿತು.

ಕಿಮ್ರಾಯಾದ ಮೊದಲ ಬೆಲೆ 4,75,000 ಡಾಲರ್, ಆಗಿನ ದರದಲ್ಲಿ ಸುಮಾರು 3 ಕೋಟಿ ರೂಪಾಯಿ. ಭಾರತದ ಔಷಧಗಳು 30ರಿಂದ 50 ಲಕ್ಷದ ನಡುವೆ. ದೊಡ್ಡ ಇಳಿಕೆ ಇದು. ವೈರಸ್ಸನ್ನು ಇಲ್ಲೇ ತಯಾರಿಸಿದ್ದು, ಇಲ್ಲಿನ ಸಂಬಳ, ಕೋಶಗಳು ಸಮುದ್ರ ದಾಟದಿರುವುದು ಇದಕ್ಕೆ ಕಾರಣ. ಆದರೂ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕಾರ್ಡು ಹಿಡಿದ ಮನೆಗೆ ವರ್ಷಕ್ಕೆ ಸಿಗುವುದು 5 ಲಕ್ಷದವರೆಗೆ. ಔಷಧದ ಮೇಲೆ ಐಸಿಯು, ತಪಾಸಣೆ, ತಿಂಗಳುಗಟ್ಟಲೆ ಬಾಡಿಗೆ ರೂಮು. ಒಂದೆರಡು ಎಕರೆ ಇದ್ದವರು ಅದನ್ನು ಮಾರಿದರೂ ಎಷ್ಟೋ ಕಡೆ ಈ ಮೊತ್ತ ಹುಟ್ಟುವುದಿಲ್ಲ. ಬೆಲೆಯನ್ನು ವಿಜ್ಞಾನದ ಕೊನೆಯಲ್ಲಿ ಅಂಟಿಸುವ ಟಿಪ್ಪಣಿ ಎಂದು ನೋಡುವುದು ತಪ್ಪು. ಒಬ್ಬ ರೋಗಿಗೆ ಒಂದು ಬ್ಯಾಚ್ ಎಂದಾಗ ಶುದ್ಧಕೊಠಡಿ, ತಂತ್ರಜ್ಞ, ಪರೀಕ್ಷೆ ಎಲ್ಲದರ ಖರ್ಚೂ ಆ ಒಬ್ಬರ ತಲೆಗೇ ಬರುತ್ತದೆ. ಕ್ಯಾನ್ಸರಿನ ಸಾಮಾನ್ಯ ಮಾತ್ರೆಗಳಂತೆ ಪೇಟೆಂಟ್ ಮುಗಿದೊಡನೆ ಇದು ತಾನಾಗಿ ಅಗ್ಗವಾಗದು.

ತಡವಾಗುವುದಕ್ಕೂ ಇಲ್ಲಿ ಬೆಲೆ ತೆರಬೇಕು. ಕೀಮೋ ಮೇಲೆ ಕೀಮೋ ಆದವರ ಟಿ ಕೋಶಗಳು ಬಳಲಿರುತ್ತವೆ. ಅಂಥ ಕಚ್ಚಾವಸ್ತುವಿನಿಂದ ಒಳ್ಳೆಯ ಬ್ಯಾಚ್ ಆಗುವುದು ಕಷ್ಟ. ಲಿಂಫೋಮಾ ಮೊದಲ ಸಲ ಮರುಕಳಿಸಿದಾಗಲೇ ಕಾರ್-ಟಿ ಕೊಟ್ಟರೆ ಹಳೆಯ ಕ್ರಮಕ್ಕಿಂತ ಹೆಚ್ಚು ಜನ ಬದುಕುತ್ತಾರೆಂದು ಯೆಸ್‌ಕಾರ್ಟಾದ ದೊಡ್ಡ ಅಧ್ಯಯನ 2023ರಲ್ಲಿ ತೋರಿಸಿತು. ನಮ್ಮಲ್ಲಿ ಆಗುವುದು ತಿರುವುಮುರುವು: ಉಳಿದದ್ದೆಲ್ಲ ಮುಗಿದು, ಕೈಯಲ್ಲಿದ್ದದ್ದೂ ಖರ್ಚಾದ ಮೇಲೆ ಈ ಹೆಸರು ಕಿವಿಗೆ ಬೀಳುತ್ತದೆ.

ಒಬ್ಬ ರೋಗಿಗೆ ಒಂದು ಬ್ಯಾಚ್ ಎಂಬುದನ್ನೇ ದಾಟುವ ಯತ್ನಗಳು ನಡೆದಿವೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ 2022ರಲ್ಲಿ ದಾನಿಯ ಟಿ ಕೋಶಗಳ ವಂಶವಾಹಿಯಲ್ಲಿ ಒಂದೊಂದೇ ಅಕ್ಷರ ತಿದ್ದಿ ಹದಿಮೂರರ ಹುಡುಗಿಯೊಬ್ಬಳಿಗೆ ಕೊಟ್ಟರು. ಕೋವಿಡ್ ಲಸಿಕೆಯಲ್ಲಿ ಬಳಸಿದಂಥ ಕೊಬ್ಬಿನ ಕಣಗಳಲ್ಲಿ ಸಂದೇಶವನ್ನಿಟ್ಟು, ಮೈಯೊಳಗೇ ಟಿ ಕೋಶಗಳನ್ನು ತಿದ್ದುವ ಪ್ರಯೋಗಗಳು ಮನುಷ್ಯರ ಮೇಲೆ ಶುರುವಾಗಿವೆ. ಕ್ಯಾನ್ಸರಿನ ಆಚೆಗೂ ಕಾರ್-ಟಿ ಕಾಲಿಟ್ಟಿದೆ: ಜರ್ಮನಿಯ ಎರ್ಲಾಂಗೆನ್‌ನಲ್ಲಿ ಗೇಯಾರ್ಗ್ ಶೆಟ್ ತಂಡ ಲೂಪಸ್ ಎಂಬ ಸ್ವಯಂನಿರೋಧಕ ರೋಗದ ಐವರಿಗೆ ಸಿಡಿ19 ಕಾರ್-ಟಿ ಕೊಟ್ಟು, ಐವರೂ ಔಷಧ ಬಿಟ್ಟು ಚೆನ್ನಾಗಿರುವುದನ್ನು 2022ರಲ್ಲಿ ವರದಿ ಮಾಡಿತು. ಇವು ಬೆಳೆದು ನಮ್ಮ ವಾರ್ಡುಗಳಿಗೆ ಬರಲು ಕಾಲ ಬೇಕು.

ಅಷ್ಟರವರೆಗೆ ನನ್ನ ಕಣ್ಣು ವೆಲ್ಲೂರಿನ ಮೇಲಿದೆ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಕೋಶಗಳನ್ನು ಯಾವ ಕಾರ್ಖಾನೆಗೂ ಕಳಿಸದೆ, ಆಸ್ಪತ್ರೆಯೊಳಗೇ ಒಂದು ಸ್ವಯಂಚಾಲಿತ ಯಂತ್ರದಲ್ಲಿ ಸುಮಾರು 9 ದಿನದಲ್ಲಿ ಕಾರ್-ಟಿ ತಯಾರಿಸಿ, ಹೆಪ್ಪುಗಟ್ಟಿಸದೆ ತಾಜಾ ಆಗಿಯೇ ರೋಗಿಗೆ ಕೊಟ್ಟಿದ್ದಾರೆ. ಹತ್ತೇ ರೋಗಿಗಳ ಸಣ್ಣ ಅಧ್ಯಯನ. ಲ್ಯುಕೀಮಿಯಾದವರೆಲ್ಲ, ಲಿಂಫೋಮಾದವರಲ್ಲಿ ಅರ್ಧ ಮಂದಿ ಸ್ಪಂದಿಸಿದರು. ಸಂಖ್ಯೆ ಚಿಕ್ಕದು, ಆದರೆ ದಾರಿ ನಮಗೆ ಹೊಂದುವ ದಾರಿ. ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಸಂಸ್ಥೆಯೊಳಗೆ ಇಂಥ ಒಂದು ಕೋಣೆ ಬರಬೇಕೆಂದು ನಾನು ಆಸೆಪಡುತ್ತೇನೆ. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬಂದ ಮಗುವಿನ ಕಣಗಳು ಒಂದು ಮಹಡಿಯಲ್ಲಿ ಬೆಳೆಯುತ್ತಿರಬೇಕು, ಮಗು ಇನ್ನೊಂದರಲ್ಲಿ ಮಲಗಿರಬೇಕು. ಯಂತ್ರ ಕೊಳ್ಳುವುದು ಇದರಲ್ಲಿ ಸುಲಭದ ಭಾಗ. ವರ್ಷಗಟ್ಟಲೆ ಬಿಟ್ಟುಹೋಗದ ತಂತ್ರಜ್ಞರು ಬೇಕು, ನಡುರಾತ್ರಿ ಜ್ವರ ಏರಿದಾಗ ಕೈಗೆ ಸಿಗುವಂತೆ ಟೊಸಿಲಿಜುಮಾಬ್ ಇರಬೇಕು. ಬೆಳಿಗ್ಗೆ ಹಾಸಿಗೆಯ ಪಕ್ಕ ಕೂತು ಒಂದು ವಾಕ್ಯ ಬರೆಸಿ, ಆ ಕನ್ನಡ ಅಕ್ಷರಗಳನ್ನು ನಿನ್ನೆಯದರ ಜತೆ ಇಟ್ಟು ನೋಡುವ ದಾದಿಯೂ ಬೇಕು.